ಗೈರುಹಾಜರಿಯ ಚಳಿಗಾಲ

ಯಗಟಿ, ಕಡೂರು ತಾಲ್ಲೂಕು
೨ ಸೆಪ್ಟೆಂಬರ್ ೧೯೭೪

ಡಾಕ್ಟರ್ ಓಂಕಾರಮೂರ್ತಿ ಸಾಹೇಬರಿಗೆ ಯಗಟಿಯ ದೊಡ್ಡಬೀರಪ್ಪ ಮಾಡುವ ನಮಸ್ಕಾರಗಳು.

ತಮಗೆ ನನ್ನ ಗುರುತು ಸಿಗಲಾರದು. ನಾನು ಕುರಿ ಸಾಕಿ ಕಂಬಳಿ ನೇಯುವವನು. ಹಿಂದೆ ಸೈನ್ಯದಲ್ಲಿ ಹೇಸರಗತ್ತೆಗಳ ಕಂಪನಿಯಲ್ಲಿದ್ದೆ. ೧೯೬೨ರ ಚೀನಾ ಯುದ್ಧದಲ್ಲಿ ತಾವು ಅಸ್ಸಾಮಿನ ಆಚೆ ನೇಫಾದ ಬೆಟ್ಟದ ಮೇಲೆ ಪಲ್ಟನ್ನಿನ ಡಾಕ್ಟರಾಗಿದ್ದಾಗ ನಾವು ಕೆಳಗಿನಿಂದ ಹಿಟ್ಟು, ಸೀಮೆಎಣ್ಣೆ, ತಮ್ಮ ಔಷಧಿ ಪೆಟ್ಟಿಗೆ ಎಲ್ಲ ಹೇರಿಕೊಂಡು ಬಂದು ಇಳಿಸುತ್ತಿದ್ದೆವು.

ಹೋದ ತಿಂಗಳು ತರೀಕೆರೆಗೆ ಕಂಬಳಿ ಮಾರಲು ಹೋಗಿದ್ದೆ. ಒಂದು ಮನೆಯ ಗೋಡೆಯ ಮೇಲೆ ಮಿಲಿಟರಿ ದಿರಿಸಿನಲ್ಲಿ ತಮ್ಮ ಫೋಟೋ ಕಂಡು ನಿಂತುಬಿಟ್ಟೆ. ತಮ್ಮ ಅಕ್ಕ ಗುರುಶಾಂತಮ್ಮನವರು ಕುಡಿಯಲು ಮಜ್ಜಿಗೆ ಕೊಟ್ಟು, "ನನ್ ತಮ್ಮ ಕಣಪ್ಪ. ಅಸ್ಸಾಮಲ್ಲಿ ಟೀ ತೋಟದ ಆಸ್ಪತ್ರೇಲಿದಾನೆ. ನೀನೂ ಮಿಲಿಟ್ರಿಯೋನಾ?" ಎಂದರು. ಹೌದವ್ವ ಎಂದೆ. ವಿಳಾಸ ಬರೆದುಕೊಟ್ಟರು.

ಬರೆಯುವ ಕಾರಣ ಇಷ್ಟು. ಆಗಸ್ಟ್ ಹದಿನೈದಕ್ಕೆ ಕಡೂರಿನ ಮೈದಾನದಲ್ಲಿ ಮಾಜಿ ಸೈನಿಕರನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ನಾನೂ ಹೋಗಿ ಕುಳಿತೆ. ಎದೆಯ ಮೇಲೆ ಪದಕವಿಲ್ಲದವನು ನಾನೊಬ್ಬನೇ. ಒಬ್ಬ ಗುಮಾಸ್ತರು ಬಂದು, "ನೀನು ಹಿಂದಕ್ಕೋಗಪ್ಪ, ಇದು ಮಿಲಿಟ್ರಿಯೋರ ಜಾಗ" ಎಂದರು. ಎದ್ದು ಹಿಂದಕ್ಕೆ ಹೋದೆ.

ರೆಕಾರ್ಡ್ ಆಫೀಸಿಗೆ ಅರ್ಜಿ ಹಾಕಿದೆ. ನನಗೆ ಬರಬೇಕಾದ ಪದಕ ಎರಡು. ಎರಡೂ ಇಲ್ಲ ಎಂದು ಉತ್ತರ ಬಂತು. ೧೯೬೨ರ ನವೆಂಬರಿನಿಂದ ಮುಂದಿನ ಬೇಸಿಗೆಯವರೆಗೆ ನಾನು ಅಪ್ಪಣೆಯಿಲ್ಲದೆ ಗೈರುಹಾಜರಾಗಿದ್ದೆ ಎಂದು ಅವರ ದಾಖಲೆಯಲ್ಲಿ ಇದೆಯಂತೆ. ಅದು ತಪ್ಪಾಗಿದ್ದರೆ ಆ ವೇಳೆಯಲ್ಲಿ ಅಲ್ಲಿದ್ದ ಯಾರಾದರೂ ಅಧಿಕಾರಿಯ ಹೇಳಿಕೆ ತರಬೇಕಂತೆ. ನಾನು ಅಲ್ಲಿದ್ದೆನೆಂದು ತಾವು ಎರಡು ಸಾಲು ಬರೆದುಕೊಟ್ಟರೆ ಉಪಕಾರವಾಗುತ್ತದೆ. ನಮ್ಮ ಕಡೆ ಈ ಸಲ ರಾಗಿ ಪೈರು ಚೆನ್ನಾಗಿದೆ.

ಇಂತಿ,
ದೊಡ್ಡಬೀರಪ್ಪ


ತೇಜ್‌ಪುರದ ಹತ್ತಿರ, ಅಸ್ಸಾಮ್
೧೧ ಅಕ್ಟೋಬರ್ ೧೯೭೪

ಶ್ರೀ ದೊಡ್ಡಬೀರಪ್ಪನವರಿಗೆ,

ನಿಮ್ಮ ಪತ್ರ ತಲುಪಿತು. ನಮ್ಮ ಕಡೆಯ ಕೈಬರಹ ಕಂಡು ಸಂತೋಷವಾಯಿತು. ಆದರೆ ನೀವು ಕೇಳಿರುವ ಕೆಲಸ ಮಾಡಲಾರೆ ಎಂದು ನೇರವಾಗಿ ಹೇಳಿಬಿಡುವುದು ಒಳ್ಳೆಯದು.

ನಿಮ್ಮನ್ನು ಕಂಡ ನೆನಪು ನನಗಿಲ್ಲ. ಕಂಡಿದ್ದರೂ ಪ್ರಯೋಜನವಿಲ್ಲ. ಆ ನವೆಂಬರಿನಲ್ಲಿ ನಮ್ಮವರು ಹಿಂದೆ ಸರಿಯುವಾಗ ನನ್ನ ಕಾಲು ಮುರಿಯಿತು. ದಾರಿಯ ಪಕ್ಕದಲ್ಲಿ ಬಿದ್ದೆ. ಹಿಮ ಬೀಳುತ್ತಿತ್ತು. ಅಲ್ಲಿಗೆ ನನ್ನ ನೆನಪು ಕತ್ತರಿಸಿ ಹೋಗಿದೆ. ಮತ್ತೆ ಕಣ್ಣು ಬಿಟ್ಟಾಗ ಬೆಟ್ಟದ ಜನ ನನ್ನನ್ನು ಬಿದಿರಿನ ಡೋಲಿಯಲ್ಲಿ ಮಲಗಿಸಿ ಕೆಳಕ್ಕೆ ಇಳಿಸುತ್ತಿದ್ದರು. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ನಮ್ಮ ಠಾಣ್ಯಕ್ಕೆ ನನ್ನನ್ನು ಒಪ್ಪಿಸಿ, ಕೊಟ್ಟದ್ದೇನನ್ನೂ ತೆಗೆದುಕೊಳ್ಳದೆ ಹಿಂತಿರುಗಿದರು.

ಸೈನ್ಯ ಬಿಟ್ಟ ಮೇಲೆ ನಾನು ತರೀಕೆರೆಗೆ ಬಾರದೆ ಈ ಬೆಟ್ಟಗಳ ಬುಡದಲ್ಲಿ ಉಳಿದದ್ದು ಅವರಿಗಾಗಿಯೇ. ವರ್ಷಕ್ಕೊಮ್ಮೆ ಔಷಧಿ ಹೊರಿಸಿಕೊಂಡು ಮೇಲೆ ಹೋಗುತ್ತೇನೆ. ನನ್ನನ್ನು ಉಳಿಸಿದ ಆ ಹಳ್ಳಿ ಯಾವುದೆಂದು ಮಾತ್ರ ಇಂದಿಗೂ ಪತ್ತೆಯಾಗಿಲ್ಲ.

ಆ ಚಳಿಗಾಲದಲ್ಲಿ ನೀವು ಎಲ್ಲಿದ್ದಿರೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ರುಜು ಹಾಕಲಾರೆ. ಎಮ್ಮೆದೊಡ್ಡಿ ಕಾವಲಿನ ಕಡೆ ಮಾಜಿ ಸೈನಿಕರಿಗೆ ಜಮೀನು ಸಿಗಬಹುದೆಂದು ಯಾರೋ ಹೇಳಿದ್ದರು. ಅದಕ್ಕಾಗಿ ಈ ದಾಖಲೆ ಬೇಕಾಗಿದ್ದರೆ, ನೀವು ನಮ್ಮ ಕಡೆಯ ಬಡ ಸೈನಿಕರೆಂದು ಅಧಿಕಾರಿಗಳಿಗೆ ಶಿಫಾರಸು ಪತ್ರ ಬರೆಯಬಲ್ಲೆ.

ಇತಿ,
ಓಂಕಾರಮೂರ್ತಿ


ಯಗಟಿ
೪ ಜನವರಿ ೧೯೭೫

ಡಾಕ್ಟರ್ ಸಾಹೇಬರಿಗೆ,

ತಮ್ಮ ಕಾಗದ ಬಂದು ಬಹಳ ದಿನವಾಯಿತು. ಜಮೀನಿನ ವಿಚಾರ ನಾನು ಬರೆದಿರಲಿಲ್ಲ. ನನಗೆ ಕುರಿಗಳಿವೆ, ಮಗ್ಗವಿದೆ.

ಡೋಲಿಗಿಂತ ಹಿಂದಿನದು ತಮಗೆ ನೆನಪಿಲ್ಲ ಎಂದು ಬರೆದಿದ್ದೀರಿ. ಆಗಲಿ. ಇನ್ನು ಆ ಹೇಳಿಕೆ ಕೇಳುವುದಿಲ್ಲ.

ಉತ್ತರ ಬರೆಯುವುದೇ ಬೇಡ ಎಂದುಕೊಂಡಿದ್ದೆ. ಆದರೆ ಆ ಹಟ್ಟಿ ತಮಗೆ ಸಿಕ್ಕಿಲ್ಲ ಎಂದು ಓದಿದ ಮೇಲೆ ಸುಮ್ಮನಿರುವುದು ಸರಿ ಕಾಣಲಿಲ್ಲ. ಅಲ್ಲಿ ಒಬ್ಬ ಹೆಂಗಸು ಇದ್ದಾಳೆ. ಒಲೆಯ ಹೊಗೆಗೆ ಅವಳ ಕಣ್ಣು ಯಾವಾಗಲೂ ಕೆಂಪಾಗಿ ನೀರು ಸುರಿಯುತ್ತಿತ್ತು. ತಾವು ಡಾಕ್ಟರು. ದಾರಿ ಹೇಳುತ್ತೇನೆ.

ಲಾಮಾಗಳ ದೊಡ್ಡ ಮಠ ದಾಟಿದ ಮೇಲೆ ಎರಡು ಹೊಳೆ ಕೂಡುವ ಕಡೆ ಹಗ್ಗದ ಸೇತುವೆ ಇದೆ. ಎಲ್ಲರೂ ಸೇತುವೆ ದಾಟಿ ಹೋಗುತ್ತಾರೆ, ತಾವು ದಾಟಬೇಡಿ. ಎಡಗಡೆಯ ಹಳ್ಳ ಹಿಡಿದು ಹತ್ತಿ. ಅದರ ನೀರು ಸುಣ್ಣ ಕದಡಿದ ಹಾಗೆ ಬೆಳ್ಳಗಿರುತ್ತದೆ. ಮರಗಳು ಮುಗಿದ ಕಡೆ ಮಲಗಿದ ಎತ್ತಿನ ಹಾಗೆ ಕಾಣುವ ಬಂಡೆ ಸಿಗುತ್ತದೆ. ಅದರ ಬೆನ್ನ ಹಿಂದೆ ಹೋದರೆ ಗಾಳಿ ತಟ್ಟದ ಒಂದು ತಗ್ಗು. ಅಲ್ಲೇ ಹಟ್ಟಿ. ಕಲ್ಲಿನ ಮನೆಗಳು, ಪಕ್ಕದಲ್ಲಿ ಯಾಕ್‌ಗಳ ದೊಡ್ಡಿ. ಅದರ ಹೆಸರು ಕೊನೆಗೂ ನನ್ನ ನಾಲಗೆಗೆ ಹೊರಳಲಿಲ್ಲ. ಕೆಳಗಿನಿಂದ ನೋಡಿದರೆ ಅಲ್ಲಿ ಜನ ಇದ್ದಾರೆಂದೇ ತಿಳಿಯುವುದಿಲ್ಲ. ಅದಕ್ಕೇ ತಮಗೆ ಸಿಕ್ಕಿಲ್ಲ.

ದೊಡ್ಡಬೀರಪ್ಪ


ತೇಜ್‌ಪುರದ ಹತ್ತಿರ
೩ ಫೆಬ್ರವರಿ ೧೯೭೫

ದೊಡ್ಡಬೀರಪ್ಪನವರೇ,

ನಿಮ್ಮ ಪತ್ರವನ್ನು ಮೇಜಿನ ಮೇಲೆ ಇಟ್ಟುಕೊಂಡೇ ಇದ್ದೇನೆ. ಆ ಸೇತುವೆಯನ್ನು ಪ್ರತಿ ಸಲವೂ ದಾಟಿ ಹೋಗಿದ್ದೇನೆ. ಎಡಕ್ಕೆ ತಿರುಗಬೇಕೆಂದು ಯಾರೂ ಹೇಳಿರಲಿಲ್ಲ.

ಒಂದು ಮಾತು ತಿಳಿಯುತ್ತಿಲ್ಲ. ಹೇಸರಗತ್ತೆಗಳ ದಾರಿ ಅದಲ್ಲ. ನೀವು ಅಲ್ಲಿಗೆ ಹೇಗೆ ಹೋದಿರಿ? ನಾನು ಬಿದ್ದಿದ್ದಾಗ ನೀವು ಆ ಹಳ್ಳಿಯಲ್ಲಿ ಅಡಗಿದ್ದಿರಾ? ಹಾಗಿದ್ದರೂ ಬರೆಯಿರಿ, ನಾನೇನೂ ತಪ್ಪು ತಿಳಿಯುವುದಿಲ್ಲ. ಆ ದಿನ ಎಷ್ಟೋ ಜನ ಎಲ್ಲೆಲ್ಲೋ ಜೀವ ಉಳಿಸಿಕೊಂಡರು. ಹಿಮ ಕರಗಿದ ಕೂಡಲೇ ಹೊರಡುತ್ತೇನೆ.

ಓಂಕಾರಮೂರ್ತಿ


ಯಗಟಿ
೧ ಮಾರ್ಚ್ ೧೯೭೫

ಡಾಕ್ಟರ್ ಸಾಹೇಬರಿಗೆ,

ಆ ಚಳಿಗಾಲವೆಲ್ಲ ನಾನು ಆ ಹಟ್ಟಿಯಲ್ಲಿದ್ದೆ. ಇಷ್ಟೇ ಬರೆಯಬಲ್ಲೆ.

ಪಾರ್ಸೆಲಿನಲ್ಲಿ ಒಂದು ಕಂಬಳಿ ಕಳಿಸಿದ್ದೇನೆ. ನಾನೇ ನೇಯ್ದದ್ದು, ಕರಿ ಕುರಿಯ ಉಣ್ಣೆ. ಆ ಹೆಂಗಸಿಗೆ ಕೊಡಿ. ಯಾರು ಕೊಟ್ಟರೆಂದು ಹೇಳಬೇಕಿಲ್ಲ.

ದೊಡ್ಡಬೀರಪ್ಪ


ತೇಜ್‌ಪುರದ ಹತ್ತಿರ
೨೬ ಮೇ ೧೯೭೫

ಬೀರಪ್ಪನವರೇ,

ಹೋಗಿ ಬಂದೆ. ಬಂದು ಇಷ್ಟು ದಿನ ಪೆನ್ನು ಹಿಡಿದು ಕೂತದ್ದೇ ಆಯಿತು, ಬರೆಯಲಾಗಲಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ನನ್ನ ಜೊತೆ ಆ ಕಡೆಯವನೇ ಆದ ಆಸ್ಪತ್ರೆಯ ಸಹಾಯಕನೊಬ್ಬ ಇದ್ದ. ಹಿಂದಿ ಬಲ್ಲವನು. ಸಾಮಾನು ಹೊರಲು ಇಬ್ಬರಿದ್ದರು. ನನ್ನ ಕೈಯಲ್ಲಿ ಒಂದು ಕೊಡೆ ಬಿಟ್ಟರೆ ಏನೂ ಇರಲಿಲ್ಲ. ಸೇತುವೆಯ ಹತ್ತಿರ ಎಡಕ್ಕೆ ತಿರುಗಿದೆವು. ನೀರು ನೀವು ಹೇಳಿದ ಹಾಗೆ ಬೆಳ್ಳಗೇ ಇತ್ತು. ಆ ಹಳ್ಳದ ದಾರಿ ದಾರಿಯೇ ಅಲ್ಲ, ಕಲ್ಲಿನ ಮೇಲೆ ಕಲ್ಲು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆದುಕೊಂಡೆ. ಮರಗಳ ಮೇಲೆಲ್ಲ ಕೆಂಪು ಹೂವು, ಹೂವಿನ ಕೆಳಗೆ ಹಳೆಯ ಹಿಮ. ಇಂಥ ಜಾಗದಲ್ಲಿ ಮನುಷ್ಯನ ಮಾತಿಗೆ ಏನು ಬೆಲೆ ಎನ್ನಿಸುವಷ್ಟು ಮೌನ.

ಬಂಡೆಯ ಹತ್ತಿರ ಬಂದಾಗ ಅದರ ಹಿಂದಿನಿಂದ ಯಾರೋ ಕೂಗುವುದು ಕೇಳಿಸಿತು. ಹೆಣ್ಣು ದನಿ. ನಾನು ನಿಂತೆ. ಎತ್ತರಕ್ಕೆ ಹೋದಾಗ ಕಿವಿ ಏನೇನೋ ಕೇಳಿಸಿಕೊಳ್ಳುತ್ತದೆ, ಡಾಕ್ಟರಾದ ನನಗೆ ಅದು ಗೊತ್ತು. ಮತ್ತೆ ಕೇಳಿಸಿತು. ಬಂಡೆ ಸುತ್ತಿ ಹೋದೆ.

ದೊಡ್ಡಿಯಲ್ಲಿ ಒಂದು ಯಾಕ್ ಆಗತಾನೇ ಕರು ಹಾಕಿತ್ತು. ಕರು ಹಿಮದ ಕೆಸರಿನಲ್ಲಿ ಬಿದ್ದುಕೊಂಡಿತ್ತು, ಏಳುತ್ತಿರಲಿಲ್ಲ. ಒಬ್ಬ ಹುಡುಗಿ ಅದರ ಬೆನ್ನು ತಟ್ಟಿ ತಟ್ಟಿ, ಒಂದೇ ಮಾತು ಹೇಳುತ್ತಿದ್ದಳು. "ಮಲಗ್ಬ್ಯಾಡ. ಮಲಗ್ಬ್ಯಾಡ."

ಬೀರಪ್ಪನವರೇ, ಆ ಹುಡುಗಿ ಬೆಟ್ಟ ಇಳಿದವಳಲ್ಲ. ಅವಳ ಬಾಯಲ್ಲಿ ಕಡೂರಿನ ಮಾತು. ನಾನು ಅಲ್ಲೇ ಹಿಮದ ಮೇಲೆ ಕೂತುಬಿಟ್ಟೆ.

"ಅದನ್ನು ಯಾಕೆ ಹೇಳುತ್ತಿದ್ದಾಳೆ ಕೇಳು" ಎಂದು ಸಹಾಯಕನಿಗೆ ಹೇಳಿದೆ. ಅವನು ಕೇಳಿ ಬಂದು, "ಇದು ನಮ್ಮ ಭಾಷೆಯಲ್ಲ ಸರ್. ಈ ಹಳ್ಳಿಯಲ್ಲಿ ಮಾತ್ರ ಹೇಳುತ್ತಾರಂತೆ. ಹಿಮದಲ್ಲಿ ಬಿದ್ದ ಕರುವಿಗೆ ಇದನ್ನು ಹೇಳಿದರೆ ಏಳುತ್ತದಂತೆ" ಎಂದ. ಕರು ಅಷ್ಟರಲ್ಲಿ ಎದ್ದು ನಿಂತಿತ್ತು.

ನೀವು ಹೇಳಿದ ಹೆಂಗಸು ಬಂದಳು. ಕಣ್ಣುಗಳಿಂದಲೇ ಗುರುತು ಹಿಡಿದೆ. ಮಾತಿಗೆ ಮೊದಲು ಕಂಬಳಿ ಬಿಚ್ಚಿ ಅವಳ ಕೈಗೆ ಕೊಟ್ಟೆ. ಅವಳು ಮುಖಕ್ಕೆ ಹಿಡಿದು ಮೂಸಿದಳು. ನನ್ನನ್ನು ದಿಟ್ಟಿಸಿ ನೋಡಿ, ಹಿಂದೆ ಮುರಿದಿದ್ದ ನನ್ನ ಕಾಲನ್ನು ಮುಟ್ಟಿ, ಏನೋ ಕೇಳಿದಳು. ಸಹಾಯಕ ತಡೆತಡೆದು ಹೇಳಿದ: "ನೀನು ಬೆನ್ನ ಮೇಲೆ ಬಂದವನು. ನಿನ್ನನ್ನು ಹೊತ್ತು ತಂದವನು ಎಲ್ಲಿ, ಅಂತ ಕೇಳುತ್ತಿದ್ದಾಳೆ."

ಹೊತ್ತು ತಂದವರು ನಿಮ್ಮವರೇ ಅಲ್ಲವೇ ಎಂದೆ. ಅವಳು ತಲೆಯಾಡಿಸಿದಳು. ಅವಳು ಹೇಳಿದ್ದು ಇದು. ಹಿಮ ಸುರಿಯುತ್ತಿದ್ದ ಸಂಜೆ ಬಂಡೆಯ ಹತ್ತಿರ ಒಬ್ಬ ಕಪ್ಪು ಮನುಷ್ಯ ಕಾಣಿಸಿಕೊಂಡ. ಬೆನ್ನಿಗೆ ಕಂಬಳಿಯಲ್ಲಿ ಇನ್ನೊಬ್ಬನನ್ನು ಕಟ್ಟಿಕೊಂಡಿದ್ದ. ಕಾಲಿನ ಬೂಟು ಹರಿದು ಬೆರಳುಗಳು ಕಲ್ಲಾಗಿದ್ದವು. ಬಾಗಿಲಿಗೆ ಬಂದು ನಿಂತವನು ಬೆನ್ನ ಮೇಲಿನವನಿಗೆ ಅದೇ ಒಂದು ಮಾತು ಹೇಳುತ್ತಲೇ ಇದ್ದ. ಅದು ನಿಮ್ಮಿಬ್ಬರ ದೇವರ ಹೆಸರು ಎಂದುಕೊಂಡೆವು. ನಿಮ್ಮನ್ನು ಅಣ್ಣತಮ್ಮಂದಿರು ಎಂದುಕೊಂಡೆವು. ನಿನಗೆ ಜ್ವರ ಏರಿತ್ತು, ಇಲ್ಲಿಟ್ಟರೆ ಸಾಯುತ್ತೀಯೆಂದು ನಮ್ಮ ಗಂಡಸರು ಡೋಲಿ ಕಟ್ಟಿ ಇಳಿಸಿದರು. ಅವನೂ ಹೊರಟ. ಎದ್ದು ನಿಲ್ಲಲಾರದೆ ಬಿದ್ದ. ಅವನ ಬೆರಳುಗಳನ್ನು ನನ್ನ ಗಂಡನೇ ಕತ್ತರಿಸಿದ. ಬಿಸಿಲು ಬರುವವರೆಗೆ ಇಲ್ಲೇ ಇದ್ದು, ಕುಂಟುತ್ತ ನಮ್ಮ ಕರುಗಳನ್ನು ನೋಡಿಕೊಂಡ.

ಬೀರಪ್ಪನವರೇ, ಬರಿಗೈಲಿ ಹತ್ತಿದ ನನಗೆ ಆ ಹಳ್ಳದ ದಾರಿಯಲ್ಲಿ ಉಸಿರು ಸಿಕ್ಕಿರಲಿಲ್ಲ. ಇಳಿಯುವಾಗ ಒಂದೊಂದು ಕಲ್ಲಿನ ಮೇಲೂ ನಿಂತು ನೋಡಿದೆ. ಇದರ ಮೇಲೆ ನನ್ನನ್ನು ಹೊತ್ತು ಹೇಗೆ ಕಾಲಿಟ್ಟಿರಿ? ನನ್ನ ಮೈಯ ಭಾರ ಎಷ್ಟೆಂದು ನನಗೆ ಮೊದಲ ಸಲ ತಿಳಿಯಿತು.

ನೀವು ಒಂದು ಮಾತು ಬರೆದಿದ್ದರೆ ಸಾಕಿತ್ತಲ್ಲ. ಯಾಕೆ ಬರೆಯಲಿಲ್ಲ?

ನಿಮ್ಮ
ಓಂಕಾರಮೂರ್ತಿ


ತೇಜ್‌ಪುರದ ಹತ್ತಿರ
೩೦ ಜೂನ್ ೧೯೭೫

ಬೀರಪ್ಪನವರೇ,

ನನ್ನ ಪತ್ರ ತಲುಪಿತೇ? ಉತ್ತರವಿಲ್ಲ. ಆ ಹೆಂಗಸಿನ ಕಣ್ಣಿಗೆ ಔಷಧಿ ಹಾಕಿದ್ದೇನೆ, ಈಗ ವಾಸಿ ಎಂದು ಕೆಳಗೆ ಬಂದವರು ಹೇಳಿದರು.

ಓಂಕಾರಮೂರ್ತಿ


ತೇಜ್‌ಪುರದ ಹತ್ತಿರ
೧೪ ಆಗಸ್ಟ್ ೧೯೭೫

ಬೀರಪ್ಪ,

ನಾಳೆ ಆಗಸ್ಟ್ ಹದಿನೈದು. ಕಡೂರಿನ ಮೈದಾನದ ನೆನಪಾಯಿತು. ನನ್ನ ಮೇಲೆ ಕೋಪವಿದ್ದರೆ ಕೋಪವನ್ನಾದರೂ ಬರೆಯಿರಿ.

ಓಂಕಾರಮೂರ್ತಿ


ಯಗಟಿ
೧೯ ಸೆಪ್ಟೆಂಬರ್ ೧೯೭೫

ಡಾಕ್ಟರಿಗೆ ಬೀರಪ್ಪನ ನಮಸ್ಕಾರ.

ಕೋಪವಿತ್ತು. ಈಗ ಇಲ್ಲ. ಅದು ಇಳಿಯುವುದಕ್ಕೆ ಇಷ್ಟು ದಿನ ಹಿಡಿಯಿತು, ಕ್ಷಮಿಸಬೇಕು.

ನಿಮ್ಮ ದೊಡ್ಡ ಕಾಗದ ಬಂದ ದಿನ ಓದಿ, ಸೂರಿನ ಗಳಕ್ಕೆ ಸಿಕ್ಕಿಸಿ, ಕುರಿ ಹೊಡೆದುಕೊಂಡು ಹೋಗಿದ್ದೆ. ಇನ್ನೆರಡು ಬಂದ ಮೇಲೆ ನನ್ನ ಹೆಂಡತಿ ಹುಲಿಗೆಮ್ಮ ಬಿಡಲಿಲ್ಲ. "ಅದೇನ್ ಬರ್ದವ್ರೆ, ಓದು" ಎಂದಳು. ಎಲ್ಲವನ್ನೂ ಓದಿದೆ. ಅವಳು ರಾಗಿ ಬೀಸುವುದನ್ನು ನಿಲ್ಲಿಸಿ ಕೇಳಿದಳು.

"ಇಷ್ಟ್ ವರ್ಸ ನಂಗ್ಯಾಕ್ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನಂಬ್ತಿದ್ಯಾ?"

"ನಂಬ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ ಕಣೇ. ನೀನೊಬ್ಳು ನಂಬ್ಕಂಡು ಊರೋರ ಜತೆಗೆಲ್ಲ ಜಗಳಕ್ಕೋಗೋಳು."

ನೀವು ಯಾಕೆ ಬರೆಯಲಿಲ್ಲ ಎಂದು ಕೇಳಿದ್ದೀರಿ. ಒಂದು ಸಲ ಹೇಳಿದ್ದೆ, ಅದಕ್ಕೆ. ಬೇಸಿಗೆಯಲ್ಲಿ ಹಟ್ಟಿಯಿಂದ ಇಳಿದು ನಮ್ಮ ಕಂಪನಿ ಹುಡುಕಿಕೊಂಡು ಹೋದಾಗ ವಿಚಾರಣೆ ಮಾಡಿದರು. ಎಲ್ಲಿದ್ದೆ ಎಂದರು. ಕ್ಯಾಪ್ಟನ್ ಓಂಕಾರಮೂರ್ತಿ ಸಾಹೇಬರನ್ನು ಹೊತ್ತುಕೊಂಡು ಹೋದೆ, ಕಾಲಿನ ಬೆರಳುಗಳು ಹೋದವು, ಅಲ್ಲೇ ಉಳಿದೆ ಎಂದೆ. ಮೇಜಿನ ಆ ಕಡೆ ಕೂತಿದ್ದವರು ಒಂದು ಕಾಗದ ತೆಗೆದು, "ನಿನ್ನ ಕ್ಯಾಪ್ಟನ್ ಸಾಹೇಬರೇ ಹೇಳಿಕೆ ಕೊಟ್ಟಿದ್ದಾರೆ. ಅವರನ್ನು ತಂದದ್ದು ಬೆಟ್ಟದ ಜನ. ನಿನ್ನ ಹೆಸರೇ ಇಲ್ಲ. ಓಡಿಹೋದದ್ದೂ ಅಲ್ಲದೆ ಸುಳ್ಳು ಬೇರೆ ಹೇಳುತ್ತೀಯಾ" ಎಂದರು. ಆಮೇಲೆ ನಾನು ಬಾಯಿ ತೆರೆಯಲಿಲ್ಲ. ಮನೆಗೆ ಕಳಿಸಿದರು.

ನಾನು ತಿಳಿದುಕೊಂಡದ್ದು ಬೇರೆ. ನಿಮಗೆ ಎಲ್ಲ ಗೊತ್ತಿದೆ, ಒಬ್ಬ ಕತ್ತೆ ಕಾಯುವವನು ಹೊತ್ತು ತಂದ ಎಂದು ಹೇಳಿಕೊಳ್ಳಲು ನಾಚಿಕೆಯಾಗಿ ಬಿಟ್ಟಿದ್ದೀರಿ ಎಂದುಕೊಂಡೆ. ಯಾಕೆಂದರೆ ಬೆನ್ನ ಮೇಲೆ ನೀವು ಮಾತಾಡುತ್ತಿದ್ದಿರಿ. ಮಲಗಬ್ಯಾಡಿ ಎಂದಾಗಲೆಲ್ಲ "ಇಲ್ಲ ಕಣಪ್ಪ, ಎದ್ದಿದೀನಿ" ಎನ್ನುತ್ತಿದ್ದಿರಿ. ಅದು ಜ್ವರದ ಮಾತೆಂದು ನನಗೆ ತಿಳಿಯಲಿಲ್ಲ. ಎರಡು ಸಾಲು ಕೇಳಿ ಹೋದ ವರ್ಷ ಬರೆದದ್ದು ಪದಕಕ್ಕೆ ಹೌದು. ಆದರೆ ಈ ಮನುಷ್ಯ ಈಗಲಾದರೂ ಬಾಯಿ ಬಿಡುತ್ತಾನೋ ನೋಡೋಣ ಎಂಬುದೂ ಮನಸ್ಸಿನಲ್ಲಿತ್ತು. ನಿಮ್ಮ ಮೊದಲ ಉತ್ತರ ಓದಿದಾಗ, ನಾನು ಹೊತ್ತದ್ದು ಬಹಳ ಸಣ್ಣ ಮನುಷ್ಯನನ್ನು ಎಂದುಕೊಂಡೆ.

ಈಗ ತಿಳಿಯಿತು. ಆ ಜನದ ಋಣಕ್ಕೆಂದು ನೀವು ಸ್ವಂತ ಊರನ್ನೇ ಬಿಟ್ಟು ಅಲ್ಲಿ ಉಳಿದಿದ್ದೀರಿ. ನಾನು ಬಿಟ್ಟು ಬಂದ ಒಂದು ಮಾತನ್ನು ಅವರು ಕರುಗಳಿಗೆ ಹೇಳಿಕೊಂಡು ಉಳಿಸಿಕೊಂಡಿದ್ದಾರೆ. ಇದನ್ನು ಓದಿದ ದಿನದಿಂದ ಕುರಿಗಳ ಹಿಂದೆ ನಡೆಯುವಾಗ ಇದೇ ತಲೆಯಲ್ಲಿ ಓಡುತ್ತದೆ. ನಾನು ಅವರಿಗೆ ಕೊಟ್ಟದ್ದು ಏನೂ ಇಲ್ಲ ಎಂದುಕೊಂಡಿದ್ದೆ.

ಹೇಗೆ ಹೊತ್ತಿರಿ ಎಂದು ಕೇಳಿದ್ದೀರಿ. ಈದ ಕುರಿಯನ್ನು ಹೊರುವ ಹಾಗೆ. ಕಂಬಳಿಯಲ್ಲಿ ಕಟ್ಟಿ, ಭಾರ ಹಣೆಗೆ ಬರುವ ಹಾಗೆ ಹಗ್ಗ ಹಾಕಿಕೊಂಡೆ. ಹಳ್ಳ ಹಿಡಿದು ಮೇಲಕ್ಕೆ ಹೋದದ್ದು ಕೆಳಗಿನ ದಾರಿಯಲ್ಲಿ ಚೀನದವರಿದ್ದರು ಎಂದು. ಮೇಲೆ ಹಟ್ಟಿ ಇದೆಯೆಂದು ನನಗೇನೂ ಗೊತ್ತಿರಲಿಲ್ಲ. ಯಾಕ್‌ಗಳ ಸಗಣಿ ಕಂಡೆ. ಸಗಣಿ ಇದ್ದರೆ ಮನೆ ಇರುತ್ತದೆ ಎಂದು ಹೋದೆ.

ಒಂದು ಸಂಗತಿ ಮುಚ್ಚಿಡದೆ ಹೇಳಬೇಕು. ಆ ದಾರಿಯ ಪಕ್ಕದಲ್ಲಿ ಬಹಳ ಜನ ಬಿದ್ದಿದ್ದರು. ಎಲ್ಲರನ್ನೂ ದಾಟಿಕೊಂಡು ಬಂದಿದ್ದೆ. ನೀವು "ಅಕ್ಕಾ, ನೀರು" ಎಂದಿರಿ. ಆ ಬೆಟ್ಟದಲ್ಲಿ ಕನ್ನಡ ಕೇಳಿ ಕಾಲು ನಿಂತಿತು. ನೀವು ಬೇರೆ ಯಾವ ಭಾಷೆಯಲ್ಲಿ ಕೂಗಿದ್ದರೂ ನಾನು ನಿಲ್ಲುತ್ತಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ.

ಬೀರಪ್ಪ


ತೇಜ್‌ಪುರದ ಹತ್ತಿರ
೮ ಡಿಸೆಂಬರ್ ೧೯೭೬

ಬೀರಣ್ಣಾ,

ನಡುವೆ ಬರೆದ ಚೀಟಿಗಳಲ್ಲಿ ಕೆಲಸ ನಡೆಯುತ್ತಿದೆ ಎಂದಷ್ಟೇ ಬರೆಯುತ್ತಿದ್ದೆ. ಆಗುತ್ತದೆಂಬ ಧೈರ್ಯ ನನಗೇ ಇರಲಿಲ್ಲ.

ನನ್ನ ಹೇಳಿಕೆಯನ್ನು ರೆಕಾರ್ಡ್ ಆಫೀಸಿನವರು ಮೊದಲು ಒಪ್ಪಲಿಲ್ಲ. "ನೀವು ಆಗ 'ಬೆಟ್ಟದ ಜನ' ಎಂದಿರಿ, ಈಗ ಬೇರೆ ಹೇಳುತ್ತಿದ್ದೀರಿ. ಎರಡರಲ್ಲಿ ಯಾವುದನ್ನು ನಂಬುವುದು? ನಿಮಗಂತೂ ಎಚ್ಚರವೇ ಇರಲಿಲ್ಲ" ಎಂದರು. ಅವರ ಪ್ರಶ್ನೆ ನ್ಯಾಯವಾಗಿಯೇ ಇತ್ತು. ಕಂಡವರು ಮ್ಯಾಜಿಸ್ಟ್ರೇಟರ ಎದುರು ಹೇಳಬೇಕು ಎಂದರು. ನನ್ನನ್ನು ಹೊತ್ತು ಬಾಗಿಲಿಗೆ ಬಂದ ನಿಮ್ಮನ್ನು ಕಂಡವರಲ್ಲಿ ಉಳಿದಿರುವವಳು ಆ ಹೆಂಗಸೊಬ್ಬಳೇ, ಅವಳು ಆ ಬಂಡೆಯಿಂದ ಕೆಳಕ್ಕೆ ಎಂದೂ ಇಳಿದವಳಲ್ಲ. ಹೇಳಿಕಳಿಸುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಸಹಾಯಕ ಯಾವಾಗಲೋ ಹೋದವನು ಮಾತಿನ ನಡುವೆ ಹೇಳಿಬಿಟ್ಟನಂತೆ. ಅವಳೇ ಹೊರಟಳು.

ಹೋದ ತಿಂಗಳು ನೀವು ಕಳಿಸಿದ ಕಂಬಳಿ ಹೊದ್ದುಕೊಂಡು, ಮಗಳ ಕೈ ಹಿಡಿದು ಮೋಟಾರು ರಸ್ತೆಯವರೆಗೆ ನಡೆದು ಬಂದಳು. ಲಾರಿ ಕಂಡು ಸ್ವಲ್ಪ ಹಿಂಜರಿದಳು, ಮತ್ತೆ ಹತ್ತಿ ಕೂತಳು. ಕಚೇರಿಯಲ್ಲಿ ಮ್ಯಾಜಿಸ್ಟ್ರೇಟರು ತರುಣರು, ಓದಿದವರು. "ಆ ಸಿಪಾಯಿಯ ಹೆಸರು ಗೊತ್ತೇ?" ಎಂದು ಕೇಳಿಸಿದರು.

"ಗೊತ್ತಿಲ್ಲ."

"ಹೆಸರೇ ಗೊತ್ತಿಲ್ಲದ ಮೇಲೆ ಅವನು ಯಾರೆಂದು ಹೇಗೆ ಹೇಳುತ್ತೀ?"

"ಅವನ ಪಾದ ಗೊತ್ತು. ಚಳಿಗಾಲವೆಲ್ಲ ನಾನೇ ತೊಳೆದಿದ್ದೇನೆ. ಎಡಗಾಲಿನಲ್ಲಿ ಹೆಬ್ಬೆರಳು ಒಂದು ಉಳಿದಿದೆ, ಬಲಗಾಲಿನಲ್ಲಿ ಕೊನೆಯ ಎರಡು ಉಳಿದಿವೆ. ಹೋಗಿ ನೋಡಿ."

ಮ್ಯಾಜಿಸ್ಟ್ರೇಟರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಎದ್ದು, ಅವಳಿಗೆ ತಾವೇ ಕುರ್ಚಿ ಎಳೆದು ಹಾಕಿದರು. ಅವಳು ಕುರ್ಚಿಯಲ್ಲಿ ಕೂರಲಿಲ್ಲ. ನೆಲದ ಮೇಲೆ ಕೂತು, ಇನ್ನೇನಾದರೂ ಕೇಳುವುದಿದೆಯೇ, ದನಗಳನ್ನು ಬಿಟ್ಟು ಬಂದಿದ್ದೇನೆ ಎಂದಳು. ನಾನು ಆ ಕೋಣೆಯಿಂದ ಹೊರಗೆ ಬಂದು ನಿಂತೆ. ನನ್ನ ಬಗ್ಗೆ, ನಿಮ್ಮ ಬಗ್ಗೆ, ಅವಳ ಬಗ್ಗೆ, ಯಾವುದರ ಬಗ್ಗೆ ಎಂದು ಹೇಳಲಾರೆ, ಅಳು ಬಂತು.

ನಿಮ್ಮ ಕಡೆಯ ಆಸ್ಪತ್ರೆಯಿಂದ ಯಾರಾದರೂ ಪಾದ ಪರೀಕ್ಷೆಗೆ ಬಂದರೆ ಬೇಸರಪಡದೆ ತೋರಿಸಿ.

ನಿಮ್ಮ ತಮ್ಮ
ಓಂಕಾರಮೂರ್ತಿ


ಯಗಟಿ
೧೨ ಮಾರ್ಚ್ ೧೯೭೮

ತಮ್ಮನಿಗೆ ಬೀರಣ್ಣನ ಆಶೀರ್ವಾದ. ಹೀಗೆ ಬರೆಯುವುದು ನನಗೆ ರೂಢಿಯಿಲ್ಲ. ನೀವೇ ಬರೆ ಎಂದದ್ದಕ್ಕೆ ಬರೆದಿದ್ದೇನೆ.

ಪದಕಗಳು ಬಂದವು. ರಿಜಿಸ್ಟರ್ ಪೋಸ್ಟಿನಲ್ಲಿ, ಸಣ್ಣ ರಟ್ಟಿನ ಪೆಟ್ಟಿಗೆಯಲ್ಲಿ. ಜೊತೆಗೆ ಒಂದು ಕಾಗದ. ಗೈರುಹಾಜರಿ ಎಂದಿದ್ದ ತಿಂಗಳುಗಳನ್ನು ಹೊಡೆದುಹಾಕಿ, ಕರ್ತವ್ಯದ ಮೇಲೆ ಗಾಯಗೊಂಡು ಉಳಿದದ್ದು ಎಂದು ತಿದ್ದಿದ್ದಾರೆ. ಆ ಹೆಂಗಸಿಗೆ ಸುದ್ದಿ ಮುಟ್ಟಿಸಿ. ಮಳೆಗಾಲ ಕಳೆದ ಮೇಲೆ ನಾನೂ ಹುಲಿಗೆಮ್ಮನೂ ನಿಮ್ಮಲ್ಲಿಗೆ ಬರಲು ಬೀರೂರಿನಲ್ಲಿ ರೈಲು ಹತ್ತುತ್ತೇವೆ.

ನಿಮಗೆ ಇಲ್ಲಿಯವರೆಗೆ ಬರೆಯದ ಸಂಗತಿಯೊಂದಿದೆ. ನಾನು ಹಟ್ಟಿಯಲ್ಲಿದ್ದ ಆ ಚಳಿಗಾಲದಲ್ಲಿ ಇಲ್ಲಿ ನಮ್ಮ ಮನೆಗೆ ಪೊಲೀಸರು ಬಂದಿದ್ದರು. ಸೈನ್ಯದಿಂದ ಓಡಿ ಬಂದ ಮಗನನ್ನು ಬಚ್ಚಿಟ್ಟಿದ್ದೀಯ ಎಂದು ನಮ್ಮವ್ವ ಯಲ್ಲಮ್ಮನನ್ನು ಬೀದಿಯಲ್ಲಿ ನಿಲ್ಲಿಸಿ ಕೇಳಿದರಂತೆ. ನೆಲದಡಿ ರಾಗಿ ತುಂಬಿಡುವ ಹಗೇವಿಗೆ ಕೋಲು ಇಳಿಸಿ ತಿವಿದು ನೋಡಿದರಂತೆ. ದೇವರ ಗೂಡಿನ ಮುಂದೆ ಬೂಟುಗಾಲಲ್ಲೇ ನಿಂತು ಗಂಟುಗಳನ್ನು ಬಿಚ್ಚಿಸಿದರಂತೆ. ಅವರ ಮುಂದಾಳು ಓಬಳಪ್ಪ ಎನ್ನುವ ಜಮಾದಾರ. ಆವತ್ತಿನಿಂದ ಅವ್ವ ಯಾರ ಮದುವೆಗೂ ಹೋಗಿಲ್ಲ, ಯಾರ ಮನೆಯ ಜಗುಲಿಯ ಮೇಲೂ ಕೂತಿಲ್ಲ. ನನ್ನನ್ನು ಒಂದು ಮಾತು ಕೇಳಲಿಲ್ಲ. ಪದಕ ಬೇಕೆಂದು ನಾನು ಹಟ ಹಿಡಿದದ್ದು ಅದಕ್ಕೆ.

ಪೆಟ್ಟಿಗೆ ಬಂದ ಸುದ್ದಿ ಊರೂರಿಗೂ ಹಬ್ಬಿತು. ಮೊನ್ನೆ ಬಸ್ಸಿನಿಂದ ಒಬ್ಬ ಮುದುಕರು ಇಳಿದು ನಮ್ಮ ಬಾಗಿಲ ಹೊರಗೆ ನಿಂತರು. ಅವ್ವನಿಗೆ ಕಣ್ಣು ಮಂಜು.

"ಯಾರದು?" ಎಂದಳು.

"ನಾನು ಕಣಮ್ಮ. ಓಬಳಪ್ಪ. ಹಿರೇನಲ್ಲೂರಲ್ಲಿದೀನಿ ಈಗ."

ಅವ್ವ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ಪದಕ ನೋಡ್ಕಂಡು ಹೋಗಾನ ಅಂತ ಬಂದೆ" ಎಂದರು.

"ನೋಡು. ಒಳಕ್ಕೆ ಬಾ" ಎಂದಳು ಅವ್ವ. "ಆವತ್ತು ಬೂಟು ಹಾಕ್ಕಂಡ್ ಬಂದಿದ್ದೆ. ಇವತ್ತು ಬಿಟ್ ಬಾ."

ಅವರು ಜಗುಲಿಯ ಮೇಲೆ ಕೂತು ಎಕ್ಕಡ ಬಿಚ್ಚಿದರು. ಮಂಡಿ ನೋವಿನವರು, ಬೇಗ ಏಳಲಾಗಲಿಲ್ಲ. ನಾನು ಕೈ ಕೊಟ್ಟೆ. ಒಳಗೆ ಬಂದು, ಪದಕವನ್ನು ಮುಟ್ಟದೆ, ಬಗ್ಗಿ ನೋಡಿ, ಅವ್ವನ ಎದುರಿಗೆ ಕೂತರು. ಅವ್ವ ಎದ್ದು ಹೋಗಿ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಇಬ್ಬರೂ ಮಳೆ, ಬೆಳೆ, ಸತ್ತವರು, ಇದ್ದವರು ಎಂದು ಬಸ್ಸಿನ ಹೊತ್ತಿನವರೆಗೆ ಮಾತಾಡಿದರು.

ಬರುವ ಸೋಮವಾರ ನಮ್ಮ ಬೀದಿಯ ಪಾಪಮ್ಮನ ಮಗಳ ಮದುವೆ. ಒಳ್ಳೆ ಸೀರೆ ತೆಗೆದಿಡು ಎಂದು ಅವ್ವ ಹುಲಿಗೆಮ್ಮನಿಗೆ ಹೇಳಿದ್ದಾಳೆ. ನನಗೂ ಹೇಳಿದಳು.

"ಅದನ್ನ ಎದೆಗೆ ಹಾಕ್ಕಂಡು ನನ್ ಹಿಂದೆ ಬಾ. ನಾನ್ ಮುಂದೆ ನಡೀತೀನಿ."

ಬೀರಣ್ಣ